ಮೊದಲ ದರ್ಜೆಯ ವಾರಸುದಾರಳು

“ಕಾಕಾ, ನಿಮ್ಮ ಸಹಿ ಬೇಡ. ಮಾಸಿಯದು ಮಾತ್ರ ಸಾಕು,” ಎಂದು ವಕೀಲ ಮಂಥನ್‌ಭಾಯಿ ಹಿಂದಿಯಲ್ಲಿ ಹೇಳುವಷ್ಟರಲ್ಲಿ ಸುಬ್ಬರಾಯರು ಪೆನ್ನಿನ ಮುಚ್ಚಳ ತೆಗೆದಾಗಿತ್ತು. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಗ್ಯಾಸ್ ಪುಸ್ತಕದಿಂದ ಮಗನ ಅಂಕಪಟ್ಟಿಯವರೆಗೆ ಎಲ್ಲಕ್ಕೂ ಸಹಿ ಹಾಕಿದವರು ಅವರೇ. ವಕೀಲರು ಮಾಸಿ ಎಂದ ಹೆಂಡತಿ ಚಂಪಾ ಪಕ್ಕದ ಕುರ್ಚಿಯಲ್ಲಿ ಕೈಚೀಲ ಹಿಡಿದು ಕೂರುವುದೇ ರೂಢಿ.

ಅವರ ಒಬ್ಬನೇ ಮಗ ಅಮೋಘ್ ಆರು ತಿಂಗಳ ಹಿಂದೆ ಸೂರತ್ತಿನ ಹಜೀರಾ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡಿದ್ದ. ಅಲ್ಲಿನ ಅಡಾಜಣ್ ಬಡಾವಣೆಯಲ್ಲಿ ಅವನ ಹೆಸರಿನ ಫ್ಲ್ಯಾಟು ಉಳಿದಿತ್ತು. ಅದರೊಳಗೆ ಪ್ರಾರ್ಥನಾ ಉಳಿದಿದ್ದಳು. ವಡೋದರದ ಮಕರಪುರದಲ್ಲಿ ಬೆಳೆದ ಕನ್ನಡದ ಹುಡುಗಿ, ಅಮೋಘ್ ಮದುವೆಯಾಗಬೇಕಿದ್ದವಳು. ಎರಡು ವರ್ಷ ಫ್ಲ್ಯಾಟಿನ ಸಾಲದ ಕಂತನ್ನು ಇಬ್ಬರೂ ಸೇರಿ ಕಟ್ಟಿದ್ದರು. ಭಾನುವಾರದೊಳಗೆ ಖಾಲಿ ಮಾಡಬೇಕೆಂದು ಸುಬ್ಬರಾಯರು ತುಮಕೂರಿನಿಂದಲೇ ಅವಳಿಗೆ ಫೋನು ಮಾಡಿದ್ದರು. ಕೊಳ್ಳುವವರೂ ಸಿಕ್ಕಿದ್ದರು.

“ತಂದೆ ನಾನು. ನನ್ನ ಸಹಿ ಯಾಕೆ ಬೇಡ?”

ಮಂಥನ್‌ಭಾಯಿ ತಾಳ್ಮೆಯಿಂದ ವಿವರಿಸಿದರು. ಮದುವೆಯಾಗದ ಮಗ ಉಯಿಲು ಬರೆಯದೆ ಹೋದರೆ ತಾಯಿ ಮೊದಲ ದರ್ಜೆಯ ವಾರಸುದಾರಳು. ತಂದೆ ಎರಡನೇ ದರ್ಜೆ. ಮೊದಲನೆಯವರು ಇರುವಾಗ ಎರಡನೆಯವರಿಗೆ ಏನೂ ಬರುವುದಿಲ್ಲ.

ಖಜಾನೆ ಕಚೇರಿಯಲ್ಲಿ ದ್ವಿತೀಯ ದರ್ಜೆಯಿಂದ ಪ್ರಥಮ ದರ್ಜೆಗೆ ಏರಲು ಹದಿನೆಂಟು ವರ್ಷ ಕಾದಿದ್ದ ಮನುಷ್ಯ ಸುಬ್ಬರಾಯರು. ಪಾಪ, ಸೂರತ್ತಿಗೆ ಬಂದು ಐದು ನಿಮಿಷದಲ್ಲಿ ಮತ್ತೆ ಕೆಳಗಿಳಿದರು. ಪೆನ್ನಿಗೆ ಮುಚ್ಚಳ ಹಾಕಿ ಹೆಂಡತಿಯ ಕಡೆ ತಳ್ಳಿದರು.

ಚಂಪಾ ಪೆನ್ನು ಮುಟ್ಟಲಿಲ್ಲ. ಧಾರಾವಾಹಿಗಳಿಂದ ಕಲಿತ ಹಿಂದಿಯಲ್ಲಿ, “ಔರ್ ವೋ ಲಡ್ಕೀ?” ಎಂದು ಪ್ರಾರ್ಥನಾಳ ಬಗ್ಗೆ ಕೇಳಿದಳು.

“ಅವಳಿಗೆ ಕಾನೂನಿನಲ್ಲಿ ಏನೂ ಇಲ್ಲ, ಮಾಸಿ. ಮದುವೆ ಆಗಿದ್ದರೆ ನಿಮ್ಮ ಸರಿಸಮ ಪಾಲುದಾರಳು.”

ವಾರಸುದಾರಿಕೆಯ ಅರ್ಜಿಗೆ ಚಂಪಾ ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು. ಮಾರುವ ಅಧಿಕಾರವನ್ನು ಗಂಡನಿಗೆ ಕೊಡುವ ಇನ್ನೊಂದು ಕಾಗದವಿತ್ತು. ಅದನ್ನು ಮಡಚಿ ಕೈಚೀಲಕ್ಕೆ ಹಾಕಿಕೊಂಡಳು.

“ಇದನ್ನ ಆಮೇಲೆ ನೋಡೋಣ ರೀ.”

ಆಟೊ ತಾಪಿ ನದಿಯ ಸೇತುವೆ ದಾಟಿತು. “ದುಡ್ಡಿನ ಆಸೆಗಲ್ಲ ಕಣೇ,” ಎಂದರು ಸುಬ್ಬರಾಯರು. “ಈ ಊರಲ್ಲಿ ನಮ್ಮದು ಅಂತ ಒಂದು ಗೋಡೆ ಇದ್ರೂ ನಾನು ಮತ್ತೆ ಬರ್ಬೇಕಾಗತ್ತೆ. ನನ್ ಕೈಲಾಗಲ್ಲ.”

ಚಂಪಾಳಿಗೆ ಅವರ ಮೇಲೆ ತುಂಬಾ ಕನಿಕರವಾಯಿತು. ಆದರೂ ಕೈಚೀಲ ತೆರೆಯಲಿಲ್ಲ. ಮಗನಿದ್ದ ಮನೆಯಿಂದ ಆ ಹುಡುಗಿಯನ್ನು ತಾನು ಹೊರಗೆ ಹಾಕಬಲ್ಲೆನೇ ಎಂಬುದಷ್ಟೇ ಅವಳ ತಲೆಯಲ್ಲಿತ್ತು. ಆ ತೀರ್ಮಾನವನ್ನು ಇನ್ನು ಗಂಡನ ತಲೆಗೆ ಕಟ್ಟುವಂತೆಯೂ ಇರಲಿಲ್ಲ.

ಮೂರನೇ ಮಹಡಿಯಲ್ಲಿ ಫ್ಲ್ಯಾಟಿನ ಬಾಗಿಲು ತೆರೆದೇ ಇತ್ತು. ಹಜಾರದ ತುಂಬ ರಟ್ಟಿನ ಪೆಟ್ಟಿಗೆಗಳು. ಪ್ರಾರ್ಥನಾ ಗಡಿಬಿಡಿಯಿಂದ ಎದ್ದು ಕೈಗೆ ಅಂಟಿದ ಟೇಪು ಬಿಡಿಸಿಕೊಳ್ಳುತ್ತ ಬಂದಳು. ಅತ್ತು ಕಣ್ಣುಗಳು ಊದಿಕೊಂಡಿದ್ದವು. ಮನೆಯ ಹೊರಗೆ ಕನ್ನಡವಿಲ್ಲದೆ ಬೆಳೆದವಳು, ಪದಗಳನ್ನು ಹುಡುಕಿ ಹುಡುಕಿ ಕೇಳಿದಳು:

“ಆಂಟಿ, ನೀನು ಚಾ ಕುಡೀತೀಯಾ? ಓ, ಸಾರಿ... ಚಾ ಮಾಡೋ ತಪೇಲಿ ಕೂಡ ಪ್ಯಾಕ್ ಆಯ್ತು.”

ಸುಬ್ಬರಾಯರಿಗೆ ರೇಗಿತು. “ನೀನು ಅಂತೀಯಲ್ಲಮ್ಮ! ದೊಡ್ಡವರಿಗೆ ನೀವು ಅನ್ಬೇಕು.”

ಹುಡುಗಿಯ ಮುಖ ಸಣ್ಣದಾಯಿತು.

“ಇರ್ಲಿ ಬಿಡಿ,” ಎಂದಳು ಚಂಪಾ. “ಅಮೋಘನೂ ನನಗೆ ನೀನು ಅಂತಾನೇ ಅಂತಿದ್ದ.”

ಚಂಪಾ ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲದ ಮೇಲೆ ಕೂತಳು. ಎದುರಿಗಿದ್ದ ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಟೇಪು ಕೀಳಲು ಉಗುರಿನಿಂದ ತುದಿ ಹುಡುಕುತ್ತ ಕೇಳಿದಳು:

“ತಪೇಲಿ ಇದರಲ್ಲಿದೆಯೋ, ಅದರಲ್ಲೋ?”