ಹತ್ತು ಲಕ್ಷದ ಒಂಬತ್ತು

ಎದುರಿಗೆ ಬಂದ ಯಾವ ಸಂಖ್ಯೆಯನ್ನೂ ಭಾಗಿಸಿ ನೋಡದೆ ಬಿಟ್ಟವರಲ್ಲ ನಮ್ಮ ಶೇಷಣ್ಣ. ಬಸ್ಸಿನ ನಂಬರು ಕಂಡರೆ ಕಾಲು ತಾನಾಗಿ ನಿಧಾನವಾಗುತ್ತಿತ್ತು, ತುಟಿ ಅಲುಗುತ್ತಿತ್ತು. ಹದಿಮೂರಕ್ಕೋ ಹದಿನೇಳಕ್ಕೋ ಅದು ಒಡೆದೊಡನೆ ಮುಖವರಳಿ ನಡಿಗೆ ಚುರುಕಾಗುವಷ್ಟರಲ್ಲಿ ಬಸ್ಸು ಹೋಗಿಬಿಟ್ಟಿರುತ್ತಿತ್ತು. ಭಾಗಾಕಾರದಲ್ಲಿ ಉಳಿಯುವ ಶೇಷವನ್ನೇ ಸದಾ ವಿಚಾರಿಸುತ್ತಿದ್ದುದರಿಂದ ಮುದ್ರಣಾಲಯದ ನಾವೆಲ್ಲ ಇಟ್ಟ ಹೆಸರು ಅದು. ನಿಜನಾಮ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು.

"ನಮ್ಮ ಮದುವೆ ತಾರೀಕು ಇವರಿಗೆ ನೆನಪಿಲ್ಲ ಕಣಪ್ಪ, ಅದು ಏಳರಿಂದ ಭಾಗ ಆಗುತ್ತೆ ಅನ್ನೋದು ಮಾತ್ರ ನೆನಪಿದೆ," ಎಂದು ಅತ್ತಿಗೆ ನಗುತ್ತಿದ್ದರು.

ಕರಡು ತಿದ್ದುವ ಕೋಣೆಯಲ್ಲಿ ನನ್ನ ಎದುರಿನ ಮೇಜು ಅವರದು. ಮೊಣಕೈ ಸವೆದ ಕಂದು ಕೋಟಿನ ಒಂದು ಜೇಬಿನಲ್ಲಿ ಹೆಬ್ಬೆರಳುದ್ದದ ಪೆನ್ಸಿಲ್ ತುಂಡುಗಳು, ಇನ್ನೊಂದರಲ್ಲಿ ಬೆನ್ನು ಖಾಲಿಯಿದ್ದ ಹಳೆಯ ಕರಡುಗಳು. ಹಸ್ತಪ್ರತಿಯೂ ಅಚ್ಚೂ ಹೊಂದಿದರೆ ನಮ್ಮ ಕೆಲಸ ಮುಗಿಯಿತು. ಅವರದು ಅಲ್ಲಿಂದ ಆರಂಭ. ಅವಿಭಾಜ್ಯ ಸಂಖ್ಯೆಗಳ ಕೋಷ್ಟಕದ ಪುಸ್ತಕವೊಂದು ಅಚ್ಚಿಗೆ ಬಂದಾಗ, ಒಂದರಿಂದಲೂ ತನ್ನಿಂದಲೂ ಅಲ್ಲದೆ ಬೇರಾವುದರಿಂದಲೂ ಭಾಗವಾಗದ ಆ ಮೊಂಡು ಸಂಖ್ಯೆಗಳಲ್ಲಿ ಕೊನೆಯ ಪುಟದವನ್ನು ತಾವೇ ಪರೀಕ್ಷಿಸಲು ಕುಳಿತರು. 1000009 ಎಂಬುದನ್ನು ಸಾವಿರದೊಳಗಿನ ನೂರ ಅರವತ್ತೆಂಟು ಅವಿಭಾಜ್ಯಗಳಿಂದಲೂ ಭಾಗಿಸಿ, ಇದು ಯಾವುದಕ್ಕೂ ಬಗ್ಗುವುದಿಲ್ಲವೆಂದು ಸಹಿ ಹಾಕಿದರು. ಆ ಪುಸ್ತಕ ಐದು ಸಲ ಮರುಮುದ್ರಣವಾಯಿತು.

ಇಪ್ಪತ್ತೆರಡು ವರ್ಷಗಳ ಬಳಿಕ ಅವರ ಬೀಳ್ಕೊಡುಗೆಯ ಸಭೆಯಲ್ಲಿ ಯಜಮಾನರು, "ಇವರ ಕೈ ದಾಟಿ ಒಂದು ತಪ್ಪೂ ಆಚೆ ಹೋಗಿಲ್ಲ," ಎಂದರು. ಶೇಷಣ್ಣ ಜೀವಮಾನದಲ್ಲಿ ಸಂಪಾದಿಸಿದ್ದೇ ಆ ಒಂದು ಮಾತು. ಅದನ್ನು ಕೇಳಿ ಅತ್ತಿಗೆಯ ಕಣ್ಣು ತುಂಬಿತು.

"ಹೋಗಿದೆ ಸಾರ್," ಎಂದು ಶೇಷಣ್ಣ ಎದ್ದು ನಿಂತರು.

ಹಿಂದಿನ ವಾರ ಮೇಜಿನ ಖಾನೆ ಖಾಲಿ ಮಾಡುವಾಗ ಆ ಕೋಷ್ಟಕದ ಹಳೆಯ ಲೆಕ್ಕದ ಹಾಳೆಗಳು ಸಿಕ್ಕಿದ್ದವಂತೆ. ಸಿಕ್ಕ ಮೇಲೆ ಸುಮ್ಮನಿರುವ ಜೀವವೇ ಅದು? ಕೋಟಿನಿಂದ ಹಳದಿಯಾದ ಹಾಳೆ ತೆಗೆದು, ಬೆರಳಿಟ್ಟು ತೋರಿಸಿದರು. "ಹತ್ತು ಲಕ್ಷದ ಒಂಬತ್ತನ್ನ ಇನ್ನೂರ ತೊಂಬತ್ತಮೂರರಿಂದ ಭಾಗಿಸಿದ ಕೊನೇ ಹಂತ ಇದು. ಇನ್ನೂರ ತೊಂಬತ್ತಮೂರರ ಮೂರರಷ್ಟು ಎಂಟುನೂರ ಎಪ್ಪತ್ತೊಂಬತ್ತು. ನಾನು ಎಂಟುನೂರ ಅರವತ್ತೊಂಬತ್ತು ಅಂತ ಬರೆದು ಶೇಷ ಹತ್ತು ಅಂದ್ಕೊಂಡೆ. ಶೇಷ ಸೊನ್ನೆ ಸಾರ್. ಇನ್ನೂರ ತೊಂಬತ್ತಮೂರನ್ನ ಮೂರು ಸಾವಿರದ ನಾನೂರ ಹದಿಮೂರರಿಂದ ಗುಣಿಸಿ, ಹತ್ತು ಲಕ್ಷದ ಒಂಬತ್ತೇ ಬರುತ್ತೆ."

ಯಜಮಾನರು ಪೆಚ್ಚಾಗಿ ನಕ್ಕರು. "ಹೋಗ್ಲಿ ಬಿಡಿ, ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲವಲ್ಲ."

"ಯಾರೂ ಕೇಳಿಲ್ಲ ಅಂದ್ರೆ ಎಲ್ಲರೂ ನನ್ನನ್ನ ನಂಬಿದಾರೆ ಅಂತ ಅಲ್ವಾ ಸಾರ್?"

ಸಭೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ, ನನಗೂ ತಟ್ಟಲು ತೋಚಲಿಲ್ಲ. ಆ ನಾಚಿಕೆ ಇನ್ನೂ ಇದೆ. ಮರುದಿನ, ನಿವೃತ್ತರಾದ ಮೊದಲ ದಿನವೇ, ಶೇಷಣ್ಣ ಎಂದಿನ ಸಮಯಕ್ಕೆ ಬಂದರು. ಆ ಪುಸ್ತಕದ ಉಳಿದಿದ್ದ ಪ್ರತಿಗಳಿಗೆಲ್ಲ ತಮ್ಮ ಕೈಯಾರೆ ಒಂದು ಚೀಟಿ ಅಂಟಿಸಿದರು. ಅದರಲ್ಲಿ ತಿದ್ದುಪಡಿಯ ಕೆಳಗೆ 'ತಪ್ಪು ಪರಿಶೀಲಕನದು' ಎಂದು ಅಚ್ಚಾಗಿತ್ತು, ಅದರ ಕೆಳಗೆ ನಾವು ಮರೆತೇಬಿಟ್ಟಿದ್ದ ಅವರ ನಿಜನಾಮ.

ತಪ್ಪೇ ಮಾಡದವರನ್ನು ಲೋಕ ಕೊಂಡಾಡುತ್ತದೆ. ಅಂಥವರನ್ನು ನಾನಂತೂ ಕಂಡಿಲ್ಲ. ಯಾರೂ ಕೇಳದಿರುವಾಗ ತಮ್ಮ ಲೆಕ್ಕವನ್ನು ತಾವೇ ಮತ್ತೊಮ್ಮೆ ಮಾಡಿ ನೋಡುವವರನ್ನು ಕಂಡಿದ್ದೇನೆ. ಅಚ್ಚಾದ ಪುಟವನ್ನು ನಾವು ನಿಶ್ಚಿಂತೆಯಿಂದ ತಿರುವಿಹಾಕುವುದು ಅವರ ದೆಸೆಯಿಂದ.