ನಾಳೆ ನೆನಪಿಸು

ಬೀದಿಯವರೆಲ್ಲ ಅವಳನ್ನು ಕಿವಿ ಡಾಕ್ಟರು ಎಂದೇ ಕರೆಯುತ್ತಿದ್ದರು. ತಾನು ಡಾಕ್ಟರಲ್ಲ ಎಂದು ಹೇಳಿ ಹೇಳಿ ಸಾಕಾಗಿ ಅವಳೂ ಸುಮ್ಮನಾಗಿದ್ದಳು. ಅವಳ ಕೆಲಸ ಶ್ರವಣಯಂತ್ರ ಮಾರುವುದು, ಅದಕ್ಕಿಂತ ಹೆಚ್ಚಾಗಿ ಮಾರಿದ್ದನ್ನು ಹದ ಮಾಡುವುದು. ಯಂತ್ರವನ್ನು ಸಣ್ಣ ತಂತಿಯಿಂದ ಕಂಪ್ಯೂಟರಿಗೆ ಸಿಕ್ಕಿಸಿ, ಯಾವ ಸ್ವರ ಕೇಳುತ್ತಿಲ್ಲವೋ ಅದರ ಗೆರೆಯನ್ನು ಪರದೆಯ ಮೇಲೆ ಕೊಂಚ ಏರಿಸಬೇಕು. ಹತ್ತು ನಿಮಿಷದ ಕೆಲಸ. ಆ ಯಂತ್ರಗಳನ್ನೂ ಈ ಪ್ರೋಗ್ರಾಂ ಅನ್ನೂ ಮಾಡಿದ್ದ ಕಂಪನಿ ಬಾಗಿಲು ಹಾಕಿ ಏಳು ವರ್ಷವಾಗಿತ್ತು. ಯಂತ್ರಗಳು ಮಾತ್ರ ಎಪ್ಪತ್ತೆಂಟು ಜನರ ಕಿವಿಯಲ್ಲಿ ಗಟ್ಟಿಮುಟ್ಟಾಗಿ ಕೂತಿದ್ದವು.

ಆ ಎಪ್ಪತ್ತೆಂಟರಲ್ಲಿ ಅವಳ ಸ್ವಂತ ಅಕ್ಕನೂ ಒಬ್ಬಳು. ಅಕ್ಕ ಆಸ್ಪತ್ರೆಯಲ್ಲಿ ಹಸುಗೂಸುಗಳ ವಾರ್ಡಿನ ಆಯಾ. ದಿನ ತುಂಬುವ ಮೊದಲೇ ಹುಟ್ಟಿ, ಗಾಜಿನ ಪೆಟ್ಟಿಗೆಯಲ್ಲಿ ಮಲಗುವ ಅಂಗೈಯಗಲದ ಮಕ್ಕಳನ್ನು ಹತ್ತೊಂಬತ್ತು ವರ್ಷದಿಂದ ಕಾಯುತ್ತಿದ್ದಳು. ತನಗೆ ಮಕ್ಕಳಿಲ್ಲದ ಕೊರಗನ್ನು ಅಲ್ಲೇ ಮರೆತಿದ್ದಳು. ಮಗುವಿನ ಉಸಿರು ತಡೆದರೆ ಪೆಟ್ಟಿಗೆ ಸೂಜಿಯಷ್ಟು ತೆಳ್ಳಗೆ ಕೀಚಲು ಸದ್ದು ಮಾಡುತ್ತದೆ. ಕಿವಿ ಹೋಗತೊಡಗಿದಾಗ ಮೊದಲು ಹೋಗುವುದು ಅಂಥ ಸದ್ದೇ.

ತಂಗಿಯ ಗಂಡ ಅಂಗಡಿಯ ಗಲ್ಲಾದಲ್ಲಿ ಕೂರುವವನು, ಹೊಸ ಸಾಮಾನಿನ ಹುಚ್ಚಿನವನು. ಅಂಗಡಿಯಲ್ಲಿದ್ದ ಕಂಪ್ಯೂಟರ್ ತಯಾರಿಸುವ ಕಂಪನಿ ಬೇರೆಯವರ ಚಿಪ್ ಬಿಟ್ಟು ಸ್ವಂತದ್ದು ಮಾಡಿಕೊಂಡ ಸುದ್ದಿ ಬಂದಾಗ ಅವನ ಸಂಭ್ರಮ ನೋಡಬೇಕಿತ್ತು. "ಇನ್ಮೇಲೆ ಅವರಿಗೆ ಯಾರ ಹಂಗೂ ಇಲ್ಲ ಕಣೇ" ಎಂದು ಆ ಚಿಪ್ಪನ್ನು ತಾನೇ ಹೆತ್ತವನಂತೆ ಬೀಗಿದ. ಇವಳು ಷೋರೂಮಿಗೆ ಹೋಗಿ ಕೇಳಿದ್ದು ಒಂದೇ ಪ್ರಶ್ನೆ: ನನ್ನ ಹಳೇ ಪ್ರೋಗ್ರಾಂ ಇದರಲ್ಲಿ ಓಡುತ್ತಾ?

"ಓಡದೆ ಏನು ಮೇಡಂ? ಹಳೇ ಪ್ರೋಗ್ರಾಂ ಹೇಳಿದ್ದನ್ನ ಹೊಸ ಚಿಪ್ಪಿಗೆ ತಿಳಿಸೋಕೆ ಒಳಗೆ ಒಬ್ಬ ದುಭಾಷಿ ಇದಾನೆ" ಎಂದ ಮಾರಾಟದವನು.

ದುಭಾಷಿ ಎಷ್ಟು ದಿನ ಇರುತ್ತಾನೆ ಎಂದು ಇವಳು ಕೇಳಲಿಲ್ಲ. ಅವನೂ ಹೇಳಲಿಲ್ಲ. ಹಳೆಯ ಕಂಪ್ಯೂಟರನ್ನು ವಿನಿಮಯಕ್ಕೆ ಕೊಟ್ಟು ಹೊಸದನ್ನು ತಂದರು. ತೆಳ್ಳಗೆ, ತಣ್ಣಗೆ, ಫ್ಯಾನಿನ ಸದ್ದೇ ಇಲ್ಲ. ಎರಡು ವರ್ಷ ಎಲ್ಲವೂ ಸಲೀಸಾಗಿ ನಡೆಯಿತು.

ಆಮೇಲೆ ಒಂದು ದಿನ ಪರದೆಯ ಮೂಲೆಯಲ್ಲಿ ಸೂಚನೆ ಬಂತು. ಮುಂದಿನ ಅಪ್‌ಡೇಟಿನಲ್ಲಿ ಹಳೆಯ ಪ್ರೋಗ್ರಾಂಗಳಿಗೆ ಜಾಗವಿಲ್ಲ. ಈಗಲೇ ಮಾಡು, ಇಲ್ಲವೇ ನಾಳೆ ನೆನಪಿಸು. ಬೇಡವೇ ಬೇಡ ಅನ್ನುವುದಕ್ಕೆ ಗುಂಡಿ ಇರಲಿಲ್ಲ. ದುಭಾಷಿಯನ್ನು ಕೆಲಸದಿಂದ ತೆಗೆಯುತ್ತಿದ್ದಾರೆ ಎಂದು ಅವಳಿಗೆ ಅರ್ಥವಾಯಿತು. ದಿನಾ ಬೆಳಿಗ್ಗೆ 'ನಾಳೆ ನೆನಪಿಸು' ಒತ್ತಿ, ಎಪ್ಪತ್ತೆಂಟು ಜನರಿಗೂ ಫೋನು ಮಾಡಿ, ಒಬ್ಬೊಬ್ಬರನ್ನೇ ಕರೆಸಿ ಕೊನೆಯ ಸಲ ಹದ ಮಾಡಿಕೊಡತೊಡಗಿದಳು. ಪಟ್ಟಿಯ ಕೊನೆಯ ಹೆಸರು ಅಕ್ಕನದು. ಅಕ್ಕ ತಾನೇ, ಎಲ್ಲಿ ಹೋಗುತ್ತಾಳೆ?

ಅಕ್ಕ ಡ್ಯೂಟಿ ಮುಗಿಸಿಕೊಂಡು ಮೂರು ಸಲ ಬಂದಳು. "ಪೆಟ್ಟಿಗೆ ಸದ್ದು ಮಂಕಾಗ್ತಿದೆ ಕಣೇ, ಒಂಚೂರು ಏರಿಸಿಕೊಡು" ಎಂದು ಬೆಂಚಿನ ತುದಿಯಲ್ಲಿ ಕೂತಳು. ಮೂರು ಸಲವೂ ಯಾರಾದರೂ ಗಿರಾಕಿ ಬಂದರು. ಮೂರು ಸಲವೂ ಅಕ್ಕನೇ ಪಕ್ಕಕ್ಕೆ ಸರಿದು, "ಅವರದ್ದು ಮೊದಲು ನೋಡು, ನಂದೇನು ಅವಸರ" ಎಂದಳು. ಹೊತ್ತು ಮುಳುಗುವವರೆಗೆ ಕೂತು ಎದ್ದು ಹೊರಟಾಗ ಇವಳೂ ಬಾಯಿತುಂಬ ಹೇಳಿದಳು: "ನಾಳೆ ಬಾರೇ ಅಕ್ಕ, ನಾಳೆ ಖಂಡಿತ."

ಕಂಪ್ಯೂಟರಿಗೂ ಅದೇ ಮಾತು, ಅಕ್ಕನಿಗೂ ಅದೇ ಮಾತು. ತಾಳ್ಮೆ ಮೊದಲು ಮುಗಿದಿದ್ದು ಕಂಪ್ಯೂಟರಿಗೆ. ಒಂದು ಮಧ್ಯಾಹ್ನ ಅವಳು ಊಟ ಮುಗಿಸಿ ಬರುವಷ್ಟರಲ್ಲಿ ಅದು ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಮಾಡಿಕೊಂಡು, ಏನೂ ಅರಿಯದ ಮಗುವಿನ ಹಾಗೆ ಬೆಳಗುತ್ತಿತ್ತು. ಪ್ರೋಗ್ರಾಂ ಚಿತ್ರದ ಮೇಲೆ ಅಡ್ಡಗೆರೆ. ಪಟ್ಟಿಯಲ್ಲಿ ಉಳಿದಿದ್ದು ಒಂದೇ ಹೆಸರು.

ಕಂಪ್ಯೂಟರ್ ಕಂಪನಿಯ ಸಹಾಯವಾಣಿಯವಳ ದನಿ ಜೇನಿನಂತಿತ್ತು. "ಆ ಪ್ರೋಗ್ರಾಂ ಮಾಡಿದವರನ್ನ ಕೇಳಿ ಮೇಡಂ."

"ಅವರು ಅಂಗಡಿ ಮುಚ್ಚಿ ಏಳು ವರ್ಷ ಆಯ್ತಲ್ಲಮ್ಮ!"

"ಹಾಗಾದ್ರೆ ನಮ್ಮ ಕೈಲಿ ಏನೂ ಇಲ್ಲ. ಹಿಂದಿನದಕ್ಕೆ ವಾಪಸ್ ಹೋಗೋಕೂ ಆಗಲ್ಲ. ಹೊಸ ಚಿಪ್ಪಿನ ವೇಗ ಹೇಗಿದೆ ಮೇಡಂ?"

ಅವಳು ಫೋನನ್ನು ಕುಕ್ಕಿದಳು. ವೇಗವಂತೆ ವೇಗ! ಮುದುಕರ ಕಿವಿಗೆ ಒಂದು ಗೆರೆ ಏರಿಸಲು ಯಾವ ವೇಗ ಬೇಕಿತ್ತು? ಗಂಡ ಹಳೆಯ ಕಂಪ್ಯೂಟರ್ ವಾಪಸ್ ಕೇಳಲು ಷೋರೂಮಿಗೆ ಓಡಿದ, ಅದನ್ನು ಆಗಲೇ ಪುಡಿ ಮಾಡಿದ್ದರು ಎಂದು ಬರಿಗೈಯಲ್ಲಿ ಬಂದ. ಬೇರೆ ಹಳೇ ಕಂಪ್ಯೂಟರಿಗೆ ಹಾಕೋಣವೆಂದರೆ ಪ್ರೋಗ್ರಾಂನ ಮೂಲ ಡಿಸ್ಕೂ ಉಳಿದಿರಲಿಲ್ಲ. ಅವತ್ತಿನಿಂದ ಚಿಪ್ಪಿನ ಮಾತು ಅವನ ಬಾಯಲ್ಲಿ ಬರಲಿಲ್ಲ.

ಅಂಗಡಿಯಲ್ಲಿದ್ದ ಅತ್ಯುತ್ತಮ ಹೊಸ ಶ್ರವಣಯಂತ್ರವನ್ನು ತೆಗೆದು ಅವಳೇ ಅಕ್ಕನ ಕಿವಿಗೆ ಇಟ್ಟಳು. ಆದರೆ ಹದಿಮೂರು ವರ್ಷ ಒಂದು ಬಗೆಯಲ್ಲಿ ಕೇಳಿದ ತಲೆ ಇನ್ನೊಂದಕ್ಕೆ ಒಗ್ಗಲು ಮೂರು ತಿಂಗಳಾದರೂ ಬೇಕು. "ಎಲ್ಲಾ ಸದ್ದೂ ಒಂದೇ ರಾಶಿ ಬಂದು ಬೀಳುತ್ತೆ ಕಣೇ, ಯಾವುದು ಯಾವುದು ಅಂತ ಆರಿಸಿಕೊಳ್ಳೋಕೇ ಆಗ್ತಿಲ್ಲ" ಎಂದಳು ಅಕ್ಕ. "ಹೆಡ್ ನರ್ಸಿಗೆ ಹೇಳಿ ರಜೆ ಹಾಕು" ಎಂದಳು ಇವಳು. ಕಿವಿಯ ಸಂಗತಿ ಹೇಳಿದರೆ ವಾರ್ಡು ಬಿಡಿಸುತ್ತಾರೆ ಎಂದು ಅಕ್ಕ ಬಾಯಿ ಬಿಡಲಿಲ್ಲ.

ಒಂಬತ್ತನೇ ದಿನ ಪೆಟ್ಟಿಗೆಯೊಂದು ಕೂಗಿತು. ಅಕ್ಕ ಅದರ ಪಕ್ಕದಲ್ಲೇ ನಿಂತು ಬಟ್ಟೆ ಮಡಿಸುತ್ತಿದ್ದಳು. ಮಗುವಿನ ತಾಯಿ ಬಾಗಿಲಿನಿಂದ ಕಿರುಚುತ್ತಾ ಓಡಿ ಬಂದಳು. ಮಗು ಉಳಿಯಿತು. ಅಕ್ಕನ ಕೆಲಸ ಉಳಿಯಲಿಲ್ಲ. ಅವಳನ್ನು ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಗೆ ಹಾಕಿದರು. ದೊಡ್ಡ ದೊಡ್ಡ ಯಂತ್ರಗಳು ದಿನವಿಡೀ ಮೊರೆಯುವ ಆ ಕೋಣೆಯಲ್ಲಿ ಕಿವಿಗೆ ಏನೂ ಕೆಲಸವಿಲ್ಲ.

ವಾರದ ಮೇಲೆ ಅಕ್ಕ ಅಂಗಡಿಗೆ ಬಂದು, ಹೊಸ ಯಂತ್ರವನ್ನೂ ಹಳೆಯದನ್ನೂ ಡಬ್ಬಿಯಲ್ಲಿ ಹಾಕಿ ಮೇಜಿನ ಮೇಲಿಟ್ಟಳು. "ಯಾರಿಗಾದರೂ ಕೊಡು. ಅಲ್ಲಿ ಇದ್ಯಾವುದೂ ಬೇಡ" ಎಂದಳು. ಬೈದಿದ್ದರೆ ತಂಗಿ ಸಹಿಸಿಕೊಳ್ಳುತ್ತಿದ್ದಳು. ಆ ಮಕ್ಕಳನ್ನು ಬಿಟ್ಟು ಬಂದ ಕೈಗಳು ಸೋಪಿಗೆ ಆಗಲೇ ಬಿರುಕು ಬಿಟ್ಟಿದ್ದವು. ಅವನ್ನು ನೋಡಲಾಗದೆ ಇವಳು ಪರದೆಯ ಕಡೆ ತಿರುಗಿದಳು.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಗಿರಾಕಿ ಮುದುಕರೊಬ್ಬರು ಬಂದರು. ಅಕ್ಕ ಎಂದಿನಂತೆ ಬೆಂಚಿನ ತುದಿಗೆ ಸರಿದು ಅವರಿಗೆ ಜಾಗ ಮಾಡಿಕೊಟ್ಟಳು.

"ತಾತ, ನೀವು ಕೂತಿರಿ" ಎಂದಳು ತಂಗಿ. ಅಕ್ಕನ ಕೈ ಹಿಡಿದು ಎಬ್ಬಿಸಿ, ಹದ ಮಾಡುವ ಕುರ್ಚಿಯಲ್ಲಿ ಕೂರಿಸಿದಳು. "ಇವತ್ತು ನಿಂದೇ ಮೊದಲು" ಎಂದಳು.

ಅಕ್ಕ ಅವಳ ತುಟಿಯನ್ನೇ ನೋಡಿದಳು. "ಕೇಳಿಸ್ತಿಲ್ಲ ಕಣೇ" ಎಂದು ನಕ್ಕಳು. "ನಾಳೆ ಬರ್ತೀನಿ ಬಿಡು. ಪಾಪ ಅವರದ್ದು ನೋಡು."