ಬಿಳಿಮತ್ತಿಯ ಕಷಾಯ

ನನ್ನ ಮಗ ಕಪಿಲನನ್ನು ನಾನೇ ಕೊಂದೆ ಎಂದು ಹುಮನಾಬಾದಿನ ಧನರಾಜ ಸೇಠ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಅವನ ನಾಲಿಗೆಗೆ ಹುಳ ಬೀಳಲಿ.

ನಾನು ಶೇವಂತಾಬಾಯಿ. ಬಸವಕಲ್ಯಾಣದ ಸುತ್ತಮುತ್ತ ಮೂವತ್ತು ವರ್ಷದಿಂದ ತೊಗಟೆ ತೆಗೆಯುತ್ತೇನೆ. ಮರದ ಒಂದೇ ಮಗ್ಗುಲಿನಿಂದ ಅಂಗೈಯಗಲ ತೆಗೆದು, ಗಾಯಕ್ಕೆ ಸೆಗಣಿ ಮೆತ್ತಿ ಬರುವವಳು. ಧನರಾಜನ ಔಷಧಿ ಅಂಗಡಿಗೆ ಬಿಳಿಮತ್ತಿ ತೊಗಟೆ ಹೋಗುತ್ತಿದ್ದುದು ನನ್ನ ಕೈಯಿಂದಲೇ. ಅದು ಎದೆಗೆ ಬಲ. ಎದೆ ದುರ್ಬಲವಾದ ಸೇಠನೂ ಹತ್ತು ವರ್ಷದಿಂದ ದಿನಾ ಬೆಳಿಗ್ಗೆ ಅದರ ಕಷಾಯವನ್ನೇ ಕುಡಿಯುತ್ತಿದ್ದ.

ಅದೇ ತೊಗಟೆಯ ಹೆಸರಿನಲ್ಲಿ ಅವನು ಕಬ್ಬಿನ ಟ್ರ್ಯಾಕ್ಟರ್ ಓಡಿಸುವವರಿಗೆ ‘ಜೋಶ್ ಚೂರ್ಣ’ ಮಾರುತ್ತಿದ್ದ, ನಿದ್ದೆ ಬರಬಾರದೆಂದು. ಅದನ್ನೇ ಕುಡಿದು ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಮೂರು ದಿನ ಕಣ್ಣು ಮುಚ್ಚದೆ ಕಬ್ಬು ಸಾಗಿಸಿದ ಕಪಿಲ ಸ್ಟೇರಿಂಗ್ ಮೇಲೆಯೇ ಒರಗಿಬಿಟ್ಟ. ಎದೆ ನಿಂತಿತ್ತು.

"ಚೂರ್ಣದಾಗ ಬರೇ ಆಕಿ ಕೊಟ್ಟ ತೊಗಟಿ. ಯಾವ ಮರದ್ದು ತಂದಾಳೋ ಏನೋ" ಅಂದ ಸೇಠ. ಜನ ನಂಬಿದರು. ನನ್ನ ತಂಗಿ ಕೂಡ ನನ್ನ ಕೈಯ ಚಹಾ ಬಿಟ್ಟಳು.

ಟ್ರ್ಯಾಕ್ಟರಿನ ಸೀಟಿನಡಿ ಚೂರ್ಣದ ಅರ್ಧ ಪೊಟ್ಟಣ ಸಿಕ್ಕಿತು. ಚಿಟಿಕೆ ನಾಲಿಗೆಗೆ ಹಚ್ಚಿದೆ. ಬಿಳಿಮತ್ತಿ ಒಗರು, ಇದು ಕಡುಕಹಿ. ಮರುದಿನ ಮಧ್ಯಾಹ್ನದವರೆಗೂ ಎದೆ ಡವಡವ ಹೊಡೆದುಕೊಂಡಿತು, ರೆಪ್ಪೆ ಅಂಟಲಿಲ್ಲ. ಮರ ಇಂಥ ಕೆಲಸ ಮಾಡುವುದಿಲ್ಲ.

ಮುಂದಿನ ವಾರ ಡ್ರೈವರುಗಳೆಲ್ಲ ಅಂಗಡಿ ಮುಂದೆ ನೆರೆಯುವ ಹೊತ್ತಿಗೆ ಥರ್ಮಾಸ್ ಹಿಡಿದು ಹುಮನಾಬಾದಿನಲ್ಲಿ ಬಸ್ ಇಳಿದೆ. ಅದರಲ್ಲಿದ್ದ ಕಷಾಯ ಲೋಟಕ್ಕೆ ಬಗ್ಗಿಸಿ ಸೇಠನ ಮುಂದಿಟ್ಟೆ.

"ಕಪಿಲನ ಪೊಟ್ಟಣದಾಗ ಉಳಿದಿದ್ದು ಕುದಿಸಿ ತಂದೀನ್ರಿ. ಬರೇ ತೊಗಟಿ ಅಂದ್ರೆಲ್ಲ, ಕುಡೀರಿ."

"ಹುಚ್ಚಿ, ನಡಿ ಆಚಿ!"

"ದಿನಾ ಕುಡೀತೀರಿ. ಇವತ್ತ ಯಾಕ ಅಂಜಾಕತ್ತೀರಿ?"

ಕಪಿಲನ ಜೊತೆ ಟ್ರ್ಯಾಕ್ಟರ್ ಓಡಿಸುತ್ತಿದ್ದ ಮಕ್ಬೂಲ್ ಲೋಟ ಎತ್ತಿ ಸೇಠನ ತುಟಿಯ ಹತ್ತಿರ ಹಿಡಿದ. "ಕುಡೀರಿ ಸೇಠ್. ನಾವೂ ಇದನ್ನೇ ಕುಡದೀವಿ."

ಸೇಠ ಗೋಡೆಗೆ ಆತುಕೊಂಡ. "ಬ್ಯಾಡೋ! ಅದ್ರಾಗ ನಿದ್ದಿಗೆಡಿಸೋ ಗುಳಿಗಿ ಪುಡಿ ಅದ, ನನ್ನ ಎದಿ ತಡಿಯಂಗಿಲ್ಲ!"

ಆ ಮಾತು ಕೇಳಲೆಂದೇ ನಾನು ಮಗ ಹೋದ ಮೇಲೂ ಅನ್ನ ತಿಂದು ಬದುಕಿದ್ದೆ.

ಮಕ್ಬೂಲನ ಕೈಯಿಂದ ಲೋಟ ಕಸಿದು ಗಟಗಟನೆ ಕುಡಿದೆ. "ಇದು ಬರೇ ಬಿಳಿಮತ್ತಿರಿ. ಕೊಹಿನೂರ ಹಳ್ಳಿ ಮರದ್ದು, ದಿನಾ ನಿಮಗ ಕೊಡ್ತಿದ್ದಿದ್ದೇ."

ನಿಜವಾದ ಪೊಟ್ಟಣವನ್ನು ಸೆರಗಿನ ಗಂಟಿನಿಂದ ಬಿಚ್ಚಿ ಮಕ್ಬೂಲನ ಕೈಗಿಟ್ಟೆ. ಅವನು ಠಾಣೆಯ ಕಡೆ ನಡೆದ. ಡ್ರೈವರುಗಳೆಲ್ಲ ಅವನ ಹಿಂದೆ ಹೋದರು.

ಸೇಠ ಎದೆ ಹಿಡಿದುಕೊಂಡು ಕುಸಿದು ಕೂತ. "ಶೇವಂತಾ, ಮನಿಯಾಗ ತೊಗಟಿ ತೀರ್ಯಾದ. ನಾಳಿಗಿ..."

ಥರ್ಮಾಸಿನಲ್ಲಿ ಇನ್ನೂ ಒಂದು ಲೋಟದಷ್ಟು ಇತ್ತು. ಅವನು ನೋಡುತ್ತಿದ್ದಂತೆ ಅದನ್ನು ಅಂಗಡಿಯ ಮೆಟ್ಟಿಲಿಗೆ ಸುರಿದೆ.

"ನಾಳಿಗಿ ನಿಮ್ಮ ಜೋಶ್ ಚೂರ್ಣಾನೇ ಕುದಿಸಿ ಕುಡೀರಿ."